ರಾಷ್ಟ್ರಪತಿ ಚುನಾವಣೆಯ ನ್ಯಾಯಸಮ್ಮತಿ: ಮತದಾನ ಪದ್ಧತಿ ಮತ್ತು ಚರ್ಚೆ

ಭಾರತದ ರಾಷ್ಟ್ರಪತಿಯನ್ನು ಜನ ನೇರವಾಗಿ ಆರಿಸುವುದಿಲ್ಲ. ಜನರು ಆರಿಸಿ ಕಳುಹಿಸಿದ ಶಾಸಕರು ಮತ್ತು ಸಂಸದರು ಆರಿಸುತ್ತಾರೆ. ಎಲೆಕ್ಟೋರಲ್ ಕಾಲೇಜು ಎಂದು ಕರೆಯಲಾಗುವ ಈ ಮತದಾರರ ಮಂಡಳಿಯಲ್ಲಿ ಒಬ್ಬೊಬ್ಬರ ಮತಕ್ಕೆ ಒಂದೊಂದು ಬೆಲೆ ಇದೆ. ಉತ್ತರ ಪ್ರದೇಶದ ಶಾಸಕರ ಮತದ ಬೆಲೆ 208, ಕರ್ನಾಟಕದವರದು 131, ಸಿಕ್ಕಿಂನವರದು 7. ಈ ವ್ಯತ್ಯಾಸ ಸರಿಯೇ, ಜನರ ಇಚ್ಛೆ ಈ ದಾರಿಯಲ್ಲಿ ನೆಟ್ಟಗೆ ತಲುಪುತ್ತದೆಯೇ ಎಂಬ ಚರ್ಚೆ ಸಂವಿಧಾನ ಸಭೆಯಲ್ಲೇ ಆರಂಭವಾಗಿ ಇಂದಿಗೂ ಮುಂದುವರಿದಿದೆ. ಅದರ ಅತ್ಯಂತ ಬಿಸಿಯಾದ ಅಧ್ಯಾಯ 1969ರಲ್ಲಿ ಬೆಂಗಳೂರಿನಲ್ಲಿ ತೆರೆದುಕೊಂಡಿತು.

ತುಮಕೂರು–ಕುಣಿಗಲ್ ರಸ್ತೆಯಲ್ಲಿರುವ ಹೆಬ್ಬೂರು ತುಮಕೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಅದು ತುಮಕೂರು ಗ್ರಾಮಾಂತರ ವಿಧಾನಸಭಾ ಕ್ಷೇತ್ರಕ್ಕೂ ತುಮಕೂರು ಲೋಕಸಭಾ ಕ್ಷೇತ್ರಕ್ಕೂ ಸೇರಿದೆ. ಅಲ್ಲಿನ ಮತದಾರರು ಮತಗಟ್ಟೆಯಲ್ಲಿ ಮತ ಹಾಕುವುದು ಶಾಸಕರಿಗೆ, ಸಂಸದರಿಗೆ ಮತ್ತು ಪಂಚಾಯಿತಿ ಸದಸ್ಯರಿಗೆ. ಊರಿನ ಪಂಚಾಯಿತಿ ಅಧ್ಯಕ್ಷರಿಂದ ದೇಶದ ರಾಷ್ಟ್ರಪತಿಯವರೆಗೆ ‘ಅಧ್ಯಕ್ಷ’ ಪದವಿಗಳೆಲ್ಲ ಅವರ ಪಾಲಿಗೆ ಎರಡನೇ ಮೆಟ್ಟಿಲಿನ ಆಯ್ಕೆಗಳು. ಈ ಲೇಖನ ಆ ಪದ್ಧತಿಯನ್ನು ಹೆಬ್ಬೂರಿನಂಥ ಊರಿನ ಮತದಾರರ ಕಡೆಯಿಂದ ನೋಡುತ್ತದೆ.

ಸಂವಿಧಾನ ಸಭೆಯ ತೀರ್ಮಾನ

ರಾಷ್ಟ್ರಪತಿಯನ್ನು ವಯಸ್ಕ ಮತದಾನದ ಮೂಲಕ ಜನರೇ ಆರಿಸಬೇಕು ಎಂದು ಸಂವಿಧಾನ ಸಭೆಯಲ್ಲಿ ಬಲವಾಗಿ ವಾದಿಸಿದವರು ಪ್ರೊ. ಕೆ.ಟಿ. ಶಾ. ಜವಾಹರಲಾಲ್ ನೆಹರೂ ಮತ್ತು ಬಿ.ಆರ್. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಅಧಿಕಾರ ನಡೆಸುವವರು ಮಂತ್ರಿಮಂಡಲ. ರಾಷ್ಟ್ರಪತಿ ಅದರ ಸಲಹೆಯಂತೆ ನಡೆಯುವವರು. ಕೋಟ್ಯಂತರ ಜನರ ಮತ ಪಡೆದು ಬಂದವರಿಗೆ ಅಧಿಕಾರವನ್ನೇ ಕೊಡದಿರುವುದು ಅಸಂಗತ, ಕೊಟ್ಟರೆ ಪ್ರಧಾನಿಗೆ ಸರಿಸಾಟಿಯಾದ ಇನ್ನೊಂದು ಅಧಿಕಾರ ಕೇಂದ್ರ ಹುಟ್ಟುತ್ತದೆ ಎಂಬುದು ಅವರ ವಾದದ ತಿರುಳು. ಇಡೀ ದೇಶಕ್ಕೆ ಮತ್ತೊಂದು ಮಹಾಚುನಾವಣೆ ನಡೆಸುವ ಹೊರೆಯ ಮಾತೂ ಇತ್ತು.

ಆಯ್ಕೆಯನ್ನು ಸಂಸತ್ತಿಗೆ ಮಾತ್ರ ಬಿಟ್ಟರೆ ರಾಷ್ಟ್ರಪತಿ ಕೇಂದ್ರದ ಬಹುಮತದ ಆಳಾಗುವ ಭಯವಿತ್ತು. ಆದ್ದರಿಂದ ರಾಜ್ಯಗಳ ಚುನಾಯಿತ ಶಾಸಕರನ್ನೂ ಮಂಡಳಿಯಲ್ಲಿ ಸೇರಿಸಲಾಯಿತು. ಸಂವಿಧಾನದ 54ನೇ ವಿಧಿ ಮತದಾರರು ಯಾರು ಎಂದು ಹೇಳುತ್ತದೆ. 55ನೇ ವಿಧಿ ಮತಗಳ ತೂಕವನ್ನು ನಿಗದಿ ಮಾಡುತ್ತದೆ. ರಾಜ್ಯ ರಾಜ್ಯಗಳ ನಡುವೆ ಏಕರೂಪತೆ, ಎಲ್ಲ ರಾಜ್ಯಗಳ ಒಟ್ಟು ಮತಕ್ಕೂ ಸಂಸತ್ತಿನ ಒಟ್ಟು ಮತಕ್ಕೂ ಸಮತೋಲ: ಇವೆರಡೇ ಅದರ ಸೂತ್ರಗಳು. 1952ರ ಮೊದಲ ಚುನಾವಣೆಯಲ್ಲಿ ರಾಜೇಂದ್ರ ಪ್ರಸಾದರಿಗೆ 5,07,400 ಮತಮೌಲ್ಯ ಬಂತು. ಎದುರಾಳಿಯಾಗಿ ನಿಂತು 92,827 ಪಡೆದವರು ನೇರ ಚುನಾವಣೆ ಕೇಳಿದ್ದ ಅದೇ ಕೆ.ಟಿ. ಶಾ.

ಮತಮೌಲ್ಯದ ಲೆಕ್ಕ

ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ 1,000ದಿಂದ ಭಾಗಿಸಿದರೆ ಒಬ್ಬ ಶಾಸಕರ ಮತಮೌಲ್ಯ ಸಿಗುತ್ತದೆ. ಬಳಸುವುದು 1971ರ ಜನಗಣತಿಯ ಅಂಕಿ. ಆಗ ಕರ್ನಾಟಕದ ಜನಸಂಖ್ಯೆ 2,92,99,014. ಅದನ್ನು 224ರಿಂದ ಭಾಗಿಸಿದರೆ ಸುಮಾರು 1,30,799. ಸಾವಿರದಿಂದ ಭಾಗಿಸಿ ಹತ್ತಿರದ ಪೂರ್ಣಾಂಕ ಹಿಡಿದರೆ 131. ಹೆಬ್ಬೂರಿನವರು ಆರಿಸಿದ ಶಾಸಕರ ಒಂದು ಗುರುತಿಗೆ ಇರುವ ತೂಕ ಇಷ್ಟು; 224 ಶಾಸಕರದೂ ಸೇರಿ ರಾಜ್ಯದ ತೂಕ 29,344. ಸಿಕ್ಕಿಂನ 7 ಮತ್ತು ಉತ್ತರ ಪ್ರದೇಶದ 208 ಕೂಡ ಇದೇ ಲೆಕ್ಕದಿಂದ ಬಂದವು. ಮೇಲ್ನೋಟಕ್ಕೆ ತಾರತಮ್ಯದಂತೆ ಕಂಡರೂ ಒಬ್ಬ ಶಾಸಕರ ಹಿಂದಿರುವ ಜನರ ಸಂಖ್ಯೆಯೇ ಅಲ್ಲಿ ಮಾತಾಡುತ್ತದೆ.

ಎಲ್ಲ ಶಾಸಕರ ಒಟ್ಟು ಮೌಲ್ಯವನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಸಂಸದರ ಮತಮೌಲ್ಯ. 2022ರಲ್ಲಿ 4,033 ಶಾಸಕರ ಒಟ್ಟು ಮೌಲ್ಯ 5,43,231. ಅದನ್ನು 776 ಸಂಸದರಿಗೆ ಹಂಚಿದಾಗ ತಲಾ 700. 2017ರಲ್ಲಿ ಇದು 708 ಇತ್ತು. ಜಮ್ಮು–ಕಾಶ್ಮೀರದಲ್ಲಿ ವಿಧಾನಸಭೆ ಇಲ್ಲದ ಕಾರಣ 2022ರಲ್ಲಿ ಇಳಿಯಿತು. ಕರ್ನಾಟಕದ 28 ಲೋಕಸಭಾ ಸದಸ್ಯರಿಗೂ 12 ರಾಜ್ಯಸಭಾ ಸದಸ್ಯರಿಗೂ ಮತವಿದೆ. ವಿಧಾನ ಪರಿಷತ್ತಿನ 75 ಸದಸ್ಯರಿಗೆ ಇಲ್ಲ. ನಾಮನಿರ್ದೇಶಿತ ಸದಸ್ಯರಿಗೂ ಇಲ್ಲ.

ಉಪರಾಷ್ಟ್ರಪತಿ ಚುನಾವಣೆಯ ಲೆಕ್ಕ ಬೇರೆ. ಅಲ್ಲಿ ಸಂಸತ್ತಿನ ಎರಡೂ ಸದನಗಳವರು ಮಾತ್ರ ಮತದಾರರು, ಎಲ್ಲರ ಮತಕ್ಕೂ ಒಂದೇ ಬೆಲೆ. ಮಂಗಳೂರಿನ ಮಾರ್ಗರೆಟ್ ಆಳ್ವ 2022ರಲ್ಲಿ ಆ ಸ್ಥಾನಕ್ಕೆ ಸ್ಪರ್ಧಿಸಿ 182 ಮತ ಪಡೆದು, 528 ಮತ ಪಡೆದ ಜಗದೀಪ್ ಧನಕರ್ ಎದುರು ಸೋತರು. ಇದುವರೆಗೆ ಕನ್ನಡಿಗರಾರೂ ರಾಷ್ಟ್ರಪತಿಯಾಗಿ ಚುನಾಯಿತರಾಗಿಲ್ಲ. ಉಪರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿಯವರು 1977ರ ಫೆಬ್ರುವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು.

ಮತದಾನದ ಕ್ರಮ

ಮತಯಂತ್ರ ಇಲ್ಲಿ ಬಳಕೆಯಾಗುವುದಿಲ್ಲ. ಯಂತ್ರ ಒಂದು ಗುಂಡಿಗೆ ಒಂದು ಮತ ಎಣಿಸುತ್ತದೆ. ಇಲ್ಲಿ ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ ತಮ್ಮ ಪ್ರಾಶಸ್ತ್ಯವನ್ನು 1, 2, 3 ಎಂದು ಬರೆಯಬೇಕು. ಸಂಸದರಿಗೆ ಹಸಿರು ಮತಪತ್ರ, ಶಾಸಕರಿಗೆ ಗುಲಾಬಿ ಬಣ್ಣದ್ದು. ಚುನಾವಣಾ ಆಯೋಗ ಕೊಡುವ ನೇರಳೆ ಶಾಯಿಯ ಪೆನ್ನಿನಲ್ಲೇ ಬರೆಯಬೇಕು. ಸ್ವಂತ ಪೆನ್ನಿನಲ್ಲಿ ಬರೆದರೆ ಮತ ಅಸಿಂಧು. ಪ್ರಾಶಸ್ತ್ಯವನ್ನು ಭಾರತೀಯ ಭಾಷೆಗಳ ಯಾವ ಅಂಕಿಯಲ್ಲಾದರೂ ಗುರುತಿಸಬಹುದು. ವಿಧಾನಸೌಧದಲ್ಲಿ ಮತ ಹಾಕುವ ಶಾಸಕರು ಕನ್ನಡದ ೧, ೨ ಬರೆದರೂ ಅದು ಸಿಂಧು. ಆದರೆ ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಆ 131 ಮೌಲ್ಯವೂ ಕಳೆದುಹೋಗುತ್ತದೆ. ಮತದಾನ ಮುಗಿದ ಮೇಲೆ ರಾಜ್ಯಗಳ ಪೆಟ್ಟಿಗೆಗಳು ದೆಹಲಿಯ ಸಂಸತ್ ಭವನ ಸೇರಬೇಕು. 2022ರಲ್ಲಿ ವಿಮಾನದ ಮುಂದಿನ ಸಾಲಿನಲ್ಲಿ ‘ಮಿಸ್ಟರ್ ಬ್ಯಾಲೆಟ್ ಬಾಕ್ಸ್’ ಹೆಸರಿನಲ್ಲಿ ಪ್ರತ್ಯೇಕ ಟಿಕೆಟ್ ತೆಗೆಸಿ, ಅಧಿಕಾರಿಗಳ ಕಣ್ಗಾವಲಿನಲ್ಲಿ ಅವುಗಳನ್ನು ಸಾಗಿಸಲಾಯಿತು.

ಗೆಲ್ಲಲು ಸಿಂಧು ಮತಗಳ ಅರ್ಧವನ್ನು ದಾಟಬೇಕು. ಮೊದಲ ಪ್ರಾಶಸ್ತ್ಯದ ಎಣಿಕೆಯಲ್ಲಿ ಯಾರೂ ದಾಟದಿದ್ದರೆ ಅತಿ ಕಡಿಮೆ ಮತ ಪಡೆದವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯವನ್ನು ಉಳಿದವರಿಗೆ ಹಂಚುತ್ತಾರೆ. ಸಂವಿಧಾನ ಇದನ್ನು ಪ್ರಮಾಣಾನುಗುಣ ಪ್ರಾತಿನಿಧ್ಯ ಎಂದು ಕರೆದಿದೆ. ಇರುವುದು ಒಂದೇ ಸ್ಥಾನವಾದ್ದರಿಂದ ಅದನ್ನು ಪ್ರಮಾಣಕ್ಕೆ ತಕ್ಕಂತೆ ಹಂಚಲಾಗದು, ಹೆಸರು ಹೊಂದುವುದಿಲ್ಲ ಎಂಬ ಟೀಕೆ ಸರಿಯಾದದ್ದೇ. ಆದರೂ ಅರ್ಧಕ್ಕಿಂತ ಹೆಚ್ಚಿನ ಬೆಂಬಲವನ್ನು ಕೇಳುವುದರಿಂದ, ಮತ ಹಂಚಿಹೋದ ಲಾಭದಲ್ಲಿ ಗೆಲ್ಲುವ ದಾರಿಯನ್ನು ಇದು ಬಹುಮಟ್ಟಿಗೆ ಮುಚ್ಚುತ್ತದೆ.

1969: ಲಾಲ್‌ಬಾಗಿನಿಂದ ಸುಪ್ರೀಂ ಕೋರ್ಟಿಗೆ

1969ರ ಮೇ 3ರಂದು ರಾಷ್ಟ್ರಪತಿ ಜಾಕೀರ್ ಹುಸೇನ್ ನಿಧನರಾದರು. ಜುಲೈನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತು. ಪಕ್ಷದ ಅಧ್ಯಕ್ಷರು ಹಿಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪ. ಅಲ್ಲಿ ನಡೆದ ಸಂಸದೀಯ ಮಂಡಳಿಯ ಸಭೆಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಒಲವಿಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಎಂದು ತೀರ್ಮಾನಿಸಲಾಯಿತು. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. ಕನ್ನಡ ನಾಡಿಗೆ ಗಿರಿಯವರು ಹೊಸಬರಲ್ಲ. 1965ರಿಂದ 1967ರವರೆಗೆ ಅವರು ಮೈಸೂರು ರಾಜ್ಯಪಾಲರಾಗಿದ್ದವರು. ಸಿ.ಡಿ. ದೇಶಮುಖ್ ಮೂರನೆಯ ಪ್ರಮುಖ ಸ್ಪರ್ಧಿ.

ನ್ಯಾಯದ ಪ್ರಶ್ನೆ ಎರಡೂ ಕಡೆಯಿಂದ ಎದ್ದಿತು. ಪಕ್ಷ ಕೂಡಿ ಮಾಡಿದ ತೀರ್ಮಾನವನ್ನು ಪ್ರಧಾನಿಯೇ ಮುರಿಯಬಹುದೇ ಎಂದು ನಿಜಲಿಂಗಪ್ಪನವರ ಕಡೆಯವರು ಕೇಳಿದರು. ರೆಡ್ಡಿಯವರಿಗೆ ಎರಡನೇ ಪ್ರಾಶಸ್ತ್ಯದ ಮತ ಕೊಡಿಸಲು ಪಕ್ಷದ ಅಧ್ಯಕ್ಷರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಭೇಟಿಯಾದದ್ದು ಸರಿಯೇ ಎಂದು ಇಂದಿರಾ ಕಡೆಯವರು ಕೇಳಿದರು. ಶಾಸಕರು, ಸಂಸದರು ‘ಆತ್ಮಸಾಕ್ಷಿಯ ಮತ’ ಹಾಕಲಿ ಎಂಬ ಕರೆ ಹೊರಟದ್ದು ಆಗಲೇ. ಅಂದಿನಿಂದ ಆ ಮಾತು ನಮ್ಮ ರಾಜಕೀಯದ ನಿತ್ಯದ ನುಡಿಯಾಗಿ ಉಳಿದಿದೆ.

ಆಗಸ್ಟ್ 16ರಂದು ಮತದಾನ ನಡೆಯಿತು. ಗೆಲ್ಲಲು ಬೇಕಾಗಿದ್ದ ಕೋಟಾ 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಬಂದವು. ಗಿರಿ ಮುಂದಿದ್ದರೂ ಕೋಟಾ ಮುಟ್ಟಲಿಲ್ಲ. ಉಳಿದವರ ಮತಪತ್ರಗಳನ್ನು ಹಂಚುತ್ತ ಹೋದಾಗ ರೆಡ್ಡಿಯವರ ಲೆಕ್ಕಕ್ಕೆ 91,879 ಸೇರಿತು, ಗಿರಿಯವರಿಗೆ ಸೇರಿದ್ದು 18,562 ಮಾತ್ರ. ಅಷ್ಟೇ ಸಾಕಾಯಿತು: ಗಿರಿ 4,20,077, ರೆಡ್ಡಿ 4,05,427. ಅಂತರ 14,650. ಎರಡನೇ ಪ್ರಾಶಸ್ತ್ಯದ ಮತಗಳಿಂದ ತೀರ್ಮಾನವಾದ ಏಕೈಕ ರಾಷ್ಟ್ರಪತಿ ಚುನಾವಣೆ ಇದು.

ಗಿರಿಯವರ ಆಯ್ಕೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ರೆಡ್ಡಿಯವರ ಮಾನಕ್ಕೆ ಕುಂದು ತರುವ, ಬರೆದವರ ಹೆಸರಿಲ್ಲದ ಕರಪತ್ರವನ್ನು ಸಂಸದರ ನಡುವೆ ಹಂಚಲಾಗಿತ್ತು ಎಂಬುದು ಮುಖ್ಯ ಆರೋಪಗಳಲ್ಲಿ ಒಂದು. ಅಧಿಕಾರದಲ್ಲಿದ್ದ ರಾಷ್ಟ್ರಪತಿಯೇ ಖುದ್ದಾಗಿ ನ್ಯಾಯಾಲಯಕ್ಕೆ ಬಂದು ಸಾಕ್ಷ್ಯ ನುಡಿದರು. 1970ರಲ್ಲಿ ಅರ್ಜಿ ವಜಾ ಆಯಿತು. ಅಷ್ಟರಲ್ಲಿ ಕಾಂಗ್ರೆಸ್ ಒಡೆದಿತ್ತು. ಮೈಸೂರು ರಾಜ್ಯದಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಜೊತೆ ಉಳಿದರು, ದೇವರಾಜ ಅರಸು ಇಂದಿರಾ ಬಣ ಸೇರಿದರು. ಮುಂದಿನ ದಶಕದ ಕರ್ನಾಟಕದ ರಾಜಕಾರಣದ ದಿಕ್ಕು ಬದಲಾದದ್ದಕ್ಕೆ ಈ ಚುನಾವಣೆಯೂ ಒಂದು ಕಾರಣ.

ಕಾನೂನಿನ ತಿದ್ದುಪಡಿಗಳು

1957ರ ಚುನಾವಣೆಯ ಹೊತ್ತಿಗೆ ಕೆಲವು ಕಡೆ ಶಾಸಕರ, ಸಂಸದರ ಸ್ಥಾನಗಳು ಖಾಲಿಯಿದ್ದವೆಂಬ ತಕರಾರು ಬಂತು. 1961ರ 11ನೇ ತಿದ್ದುಪಡಿ ಮಂಡಳಿಯಲ್ಲಿ ಖಾಲಿ ಸ್ಥಾನವಿತ್ತೆಂಬ ಕಾರಣಕ್ಕೆ ಆಯ್ಕೆಯನ್ನು ಪ್ರಶ್ನಿಸುವಂತಿಲ್ಲ ಎಂದಿತು. ಒಂದೂ ಮತ ಬೀಳದ ಅಭ್ಯರ್ಥಿಗಳ ಸಂಖ್ಯೆ ಹೆಚ್ಚಿದಾಗ 1974ರಲ್ಲಿ 10 ಸೂಚಕರು, 10 ಅನುಮೋದಕರು ಮತ್ತು 2,500 ರೂಪಾಯಿ ಠೇವಣಿ ಕಡ್ಡಾಯವಾಯಿತು. 1997ರಿಂದ 50 ಸೂಚಕರು, 50 ಅನುಮೋದಕರು, 15,000 ರೂಪಾಯಿ ಠೇವಣಿ ಬೇಕು. ಹುಡುಗಾಟದ ಸ್ಪರ್ಧೆ ಇದರಿಂದ ನಿಂತಿತು. ಆದರೆ ನೂರು ಜನಪ್ರತಿನಿಧಿಗಳ ಸಹಿ ದೊಡ್ಡ ಪಕ್ಷಗಳ ಬೆಂಬಲವಿಲ್ಲದೆ ಸಿಗುವುದಿಲ್ಲ. ಪಕ್ಷದ ಹಂಗಿಲ್ಲದ ಗಣ್ಯರಿಗೆ ಈ ಬಾಗಿಲು ಬಹುತೇಕ ಮುಚ್ಚಿದೆ.

ಮುಖ್ಯ ಟೀಕೆಗಳು

ಮೊದಲನೆಯದು ಹಳೆಯ ಜನಗಣತಿ. 1976ರ 42ನೇ ತಿದ್ದುಪಡಿ ಜನಸಂಖ್ಯೆಯ ಆಧಾರವನ್ನು 1971ಕ್ಕೆ ಕಟ್ಟಿಹಾಕಿತು. 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೆ ಮುಂದುವರಿಸಿತು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ನಡೆಸಿದ ರಾಜ್ಯಗಳಿಗೆ ಶಿಕ್ಷೆಯಾಗಬಾರದು ಎಂಬುದು ಕಾರಣ. 2011ರ ಜನಸಂಖ್ಯೆಗೆ ಹೋಲಿಸಿದರೆ ಒಂದು ಮತಮೌಲ್ಯದ ಹಿಂದೆ ಕೇರಳದಲ್ಲಿ ಸುಮಾರು 1,570 ಜನರಿದ್ದಾರೆ, ತಮಿಳುನಾಡಿನಲ್ಲಿ 1,752, ಕರ್ನಾಟಕದಲ್ಲಿ 2,082, ಉತ್ತರ ಪ್ರದೇಶದಲ್ಲಿ 2,384. ಕರ್ನಾಟಕ ಈ ಸಾಲಿನ ನಡುವೆ ನಿಂತಿದೆ. 2011ರ ಅಂಕಿ ಹಾಕಿದರೆ ಹೆಬ್ಬೂರಿನ ಶಾಸಕರ ಮತಮೌಲ್ಯ 131ರಿಂದ 273ಕ್ಕೆ ಏರುತ್ತದೆ. ಆದರೆ ಉತ್ತರ ಪ್ರದೇಶದವರದು 208ರಿಂದ 496ಕ್ಕೆ ಏರುವುದರಿಂದ ರಾಜ್ಯಗಳ ಒಟ್ಟು ಮೌಲ್ಯದಲ್ಲಿ ಕರ್ನಾಟಕದ ಪಾಲು ಸುಮಾರು 5.4ರಿಂದ 5.1 ಪ್ರತಿಶತಕ್ಕೆ ಇಳಿಯುತ್ತದೆ. ತಲೆಗೊಂದು ಸಮಾನ ತೂಕ ಎಂಬ ನ್ಯಾಯವೂ ದೇಶದ ಮಾತು ಕೇಳಿ ನಡೆದವರಿಗೆ ನಷ್ಟವಾಗಬಾರದೆಂಬ ನ್ಯಾಯವೂ ಇಲ್ಲಿ ಎದುರುಬದುರಾಗಿವೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ನಿಗದಿಯಾಗಿರುವುದರಿಂದ ಈ ವಾದ ಇನ್ನು ಪುಸ್ತಕದಲ್ಲಿ ಉಳಿಯುವುದಿಲ್ಲ.

ಎರಡನೆಯದು ಮೊದಲ ಮೆಟ್ಟಿಲಿನ ದೋಷ. ಶಾಸಕರ ಆಯ್ಕೆಯಲ್ಲಿ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ, ಅರ್ಧ ದಾಟಬೇಕಿಲ್ಲ. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ಸುಮಾರು 38 ಪ್ರತಿಶತ ಮತ ಮತ್ತು 80 ಸ್ಥಾನ. ಬಿಜೆಪಿಗೆ ಸುಮಾರು 36 ಪ್ರತಿಶತ ಮತ ಮತ್ತು 104 ಸ್ಥಾನ. 2023ರಲ್ಲಿ ಕಾಂಗ್ರೆಸ್ ಸುಮಾರು 43 ಪ್ರತಿಶತ ಮತಕ್ಕೆ 135 ಸ್ಥಾನ ಗೆದ್ದಿತು. ಅಂದರೆ ರಾಜ್ಯದ 29,344 ಮತಮೌಲ್ಯದಲ್ಲಿ 17,685, ಸುಮಾರು 60 ಪ್ರತಿಶತ, ಅದರ ಕೈಗೆ ಬಂತು. ಯಾವ ಪಕ್ಷಕ್ಕೆ ಲಾಭವಾಯಿತು ಎಂಬುದಕ್ಕಿಂತ, ಸೋತ ಅಭ್ಯರ್ಥಿಗೆ ಹಾಕಿದ ಮತ ಎರಡನೇ ಮೆಟ್ಟಿಲಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ ಎಂಬುದು ಇಲ್ಲಿ ಮುಖ್ಯ.

ಇದಕ್ಕಿಂತ ಕಹಿಯಾದ ಪಾಠ ಹೆಬ್ಬೂರು ಸೇರಿರುವ ಕ್ಷೇತ್ರದಲ್ಲೇ ಇದೆ. ತುಮಕೂರು ಗ್ರಾಮಾಂತರದ 2018ರ ಆಯ್ಕೆಯನ್ನು ಕರ್ನಾಟಕ ಹೈಕೋರ್ಟ್ 2023ರ ಮಾರ್ಚ್ 30ರಂದು ಅಸಿಂಧು ಎಂದು ತೀರ್ಪಿತ್ತಿತು. ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಿದ್ದು ಅದಕ್ಕೆ ಆಧಾರ. ಮೇಲ್ಮನವಿಗೆ ಅವಕಾಶ ಕೊಡಲು ಆದೇಶವನ್ನು ಒಂದು ತಿಂಗಳು ತಡೆಹಿಡಿಯಲಾಯಿತು. ತೀರ್ಪು ಬಂದಾಗ ವಿಧಾನಸಭೆಯ ಅವಧಿಯೇ ಮುಗಿಯುತ್ತ ಬಂದಿತ್ತು. 2022ರ ರಾಷ್ಟ್ರಪತಿ ಚುನಾವಣೆಯೂ ನಡೆದುಹೋಗಿತ್ತು, ಕ್ಷೇತ್ರದ 131 ಮೌಲ್ಯ ಆ ಮಂಡಳಿಯ ಲೆಕ್ಕದಲ್ಲಿತ್ತು. ಶಾಸಕರ ಆಯ್ಕೆ ಮುಂದೆ ರದ್ದಾದರೂ ಅದಕ್ಕೆ ಮೊದಲು ಅವರು ಪಾಲ್ಗೊಂಡ ಕಲಾಪ ಅಸಿಂಧುವಾಗದು ಎನ್ನುತ್ತದೆ ಕಾನೂನು. ಆಡಳಿತ ನಿಲ್ಲದಿರಲು ಆ ನಿಯಮ ಬೇಕು. ಆದರೆ ಚುನಾವಣಾ ಅರ್ಜಿ ತೀರಲು ಐದು ವರ್ಷ ಹಿಡಿದರೆ, ಕೆಳಗಿನ ಮೆಟ್ಟಿಲಿನ ಸಂಶಯ ಮೇಲಿನ ಮೆಟ್ಟಿಲಿಗೂ ಏರುತ್ತದೆ.

ಮೂರನೆಯದು ಗೌಪ್ಯ ಮತದಾನ. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷಗಳು ವಿಪ್ ಹೊರಡಿಸುವಂತಿಲ್ಲ. ಪಕ್ಷಾಂತರ ನಿಷೇಧ ಕಾಯ್ದೆಯೂ ಇಲ್ಲಿ ಅನ್ವಯಿಸದು. ರಾಜ್ಯಸಭಾ ಚುನಾವಣೆಯಲ್ಲಾದರೆ 2003ರಿಂದ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ ಹಾಕಬೇಕು. 2022ರ ಜೂನ್‌ನ ರಾಜ್ಯಸಭಾ ಚುನಾವಣೆಯ ನಂತರ ಜೆಡಿಎಸ್ ತನ್ನ ಗುಬ್ಬಿ ಮತ್ತು ಕೋಲಾರದ ಶಾಸಕರನ್ನು ಅಡ್ಡ ಮತದಾನದ ಆರೋಪದ ಮೇಲೆ ಉಚ್ಚಾಟಿಸಿತು. ಮರುತಿಂಗಳೇ ನಡೆದ ರಾಷ್ಟ್ರಪತಿ ಚುನಾವಣೆಯಲ್ಲಿ ಅಂಥ ಕ್ರಮಕ್ಕೆ ದಾರಿಯೇ ಇರಲಿಲ್ಲ. ಆ ಚುನಾವಣೆಯಲ್ಲಿ ದ್ರೌಪದಿ ಮುರ್ಮು 6,76,803 ಮೌಲ್ಯ ಪಡೆದು ಗೆದ್ದರು, ಯಶವಂತ ಸಿನ್ಹಾ 3,80,177 ಪಡೆದರು; ಹಲವು ರಾಜ್ಯಗಳಲ್ಲಿ ಅಡ್ಡ ಮತದಾನವಾಯಿತು. ಗೌಪ್ಯತೆ ಶಾಸಕರನ್ನು ಪಕ್ಷದ ಬೆದರಿಕೆಯಿಂದ ಕಾಯುತ್ತದೆ. ಅದೇ ಗೌಪ್ಯತೆ ಕ್ಷೇತ್ರದ ಜನರಿಂದಲೂ ಅವರನ್ನು ಮರೆಮಾಡುತ್ತದೆ.

ಗ್ರಾಮ ಪಂಚಾಯಿತಿಯ ಹೋಲಿಕೆ

ಪರೋಕ್ಷ ಆಯ್ಕೆಯ ಗುಣದೋಷಗಳನ್ನು ಹಳ್ಳಿಯವರು ಹೆಚ್ಚು ಹತ್ತಿರದಿಂದ ನೋಡುವುದು ಗ್ರಾಮ ಪಂಚಾಯಿತಿಯಲ್ಲಿ. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದಂತೆ ಹೆಬ್ಬೂರು ಸೇರಿ ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿ ಜನ ಆರಿಸುವುದು ಸದಸ್ಯರನ್ನು; ಅಧ್ಯಕ್ಷ, ಉಪಾಧ್ಯಕ್ಷರನ್ನು ಆರಿಸುವವರು ಆ ಸದಸ್ಯರು. ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. 2020ರ ಡಿಸೆಂಬರ್ ಚುನಾವಣೆಯ ನಂತರ ಅಧ್ಯಕ್ಷರ ಅವಧಿ 30 ತಿಂಗಳಾಗಿತ್ತು. 2023ರಲ್ಲಿ ಎರಡನೇ ಅವಧಿಗೆ ಆಯ್ಕೆ ನಡೆಯಿತು. ಸರದಿಯ ಮೀಸಲಾತಿಯಿಂದ ಮಹಿಳೆಯರೂ ದಲಿತರೂ ಹಿಂದುಳಿದವರೂ ಆ ಕುರ್ಚಿಗೆ ಬಂದರು. ನೇರ ಸ್ಪರ್ಧೆಯಲ್ಲಿ ಹಣ, ಜಾತಿಯ ಬಲದ ಮುಂದೆ ಇದು ಇಷ್ಟು ಸುಲಭವಾಗುತ್ತಿರಲಿಲ್ಲ.

ಇನ್ನೊಂದು ಮುಖವೂ ಉಂಟು. ಮತದಾರರು ಕೆಲವೇ ಮಂದಿಯಾದಾಗ ಒಬ್ಬೊಬ್ಬರ ಮತವೂ ದುಬಾರಿಯಾಗುತ್ತದೆ. ಅಧ್ಯಕ್ಷರ ಆಯ್ಕೆಗೆ ಮೊದಲು ಸದಸ್ಯರನ್ನು ಪ್ರವಾಸದ ಹೆಸರಿನಲ್ಲಿ ರೆಸಾರ್ಟಿಗೆ ಕರೆದೊಯ್ಯುವುದು, ಅವಧಿಯನ್ನು ಒಳಒಪ್ಪಂದದಲ್ಲಿ ಪಾಲು ಮಾಡಿಕೊಳ್ಳುವುದು ರಾಜ್ಯದ ಹಲವೆಡೆ ವರದಿಯಾಗಿವೆ. 2020ರಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಬಂದಾಗ ರಾಜ್ಯ ಚುನಾವಣಾ ಆಯೋಗ ಅದು ಅಪರಾಧವೆಂದು ಎಚ್ಚರಿಸಬೇಕಾಯಿತು.

ಇತರ ದೇಶಗಳು

ಅಮೆರಿಕದಲ್ಲಿ 538 ಮಂದಿಯ ಎಲೆಕ್ಟೋರಲ್ ಕಾಲೇಜು ಅಧ್ಯಕ್ಷರನ್ನು ಆರಿಸುತ್ತದೆ. 2000 ಮತ್ತು 2016ರಲ್ಲಿ ದೇಶದಾದ್ಯಂತ ಹೆಚ್ಚು ಜನಮತ ಪಡೆದವರು ಸೋತರು. ಅಲ್ಲಿನ ಅಧ್ಯಕ್ಷರು ಸರ್ಕಾರ ನಡೆಸುವವರಾದ್ದರಿಂದ ಆ ವ್ಯತ್ಯಾಸದ ಪೆಟ್ಟು ದೊಡ್ಡದು. ಶ್ರೀಲಂಕಾದಲ್ಲಿ ಜನರೇ ಪ್ರಾಶಸ್ತ್ಯ ಮತ ಹಾಕುತ್ತಾರೆ. 2024ರಲ್ಲಿ ಅಲ್ಲಿ ಮೊದಲ ಬಾರಿಗೆ ಎರಡನೇ ಸುತ್ತಿನ ಎಣಿಕೆ ನಡೆದು ಅನುರ ಕುಮಾರ ದಿಸಾನಾಯಕೆ ಗೆದ್ದರು. ಐರ್ಲೆಂಡಿನ ಅಧ್ಯಕ್ಷರಿಗೆ ನಮ್ಮ ರಾಷ್ಟ್ರಪತಿಯಂತೆ ಸೀಮಿತ ಅಧಿಕಾರವಿದ್ದರೂ ಜನರೇ ಆರಿಸುತ್ತಾರೆ. ಪಾಕಿಸ್ತಾನದಲ್ಲಿ ಜನಸಂಖ್ಯೆ ಎಷ್ಟೇ ಇರಲಿ, ಪ್ರಾಂತ್ಯಗಳ ಶಾಸನಸಭೆಗಳಿಗೆ ಸಮಾನ ತೂಕ.

ಮೌಲ್ಯಮಾಪನ

ಏಳು ದಶಕಗಳ ಅನುಭವ ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ. ಮತಮೌಲ್ಯದ ಗಣಿತ ಪ್ರಾಮಾಣಿಕವಾದದ್ದು, ಯಾರು ಬೇಕಾದರೂ ಕಾಗದದ ಮೇಲೆ ಪರೀಕ್ಷಿಸಬಹುದಾದದ್ದು. ಮಂತ್ರಿಮಂಡಲದ ಸಲಹೆಯಂತೆ ನಡೆಯುವ ಪದವಿಗೆ ನೇರ ಚುನಾವಣೆ ಬೇಡವೆಂದ ಸಂವಿಧಾನ ಸಭೆಯ ತೀರ್ಮಾನವೂ ಗಟ್ಟಿಯಾಗಿಯೇ ನಿಂತಿದೆ. ಅನ್ಯಾಯ ನುಸುಳುವುದು ಲೆಕ್ಕದ ಕೆಳಗಿನ ನೆಲದಲ್ಲಿ: ಆಮಿಷಕ್ಕೆ ಬಿದ್ದ ಮತದಲ್ಲಿ, ತಡವಾಗಿ ಬರುವ ತೀರ್ಪಿನಲ್ಲಿ, ಜನರಿಗೆ ಕಾರಣ ಹೇಳದ ಪ್ರತಿನಿಧಿಯಲ್ಲಿ.

ಮತಪತ್ರದ ಗುಟ್ಟು ಕಾನೂನಿನದು, ಅದು ಹಾಗೆಯೇ ಇರಲಿ. ಆದರೆ ತಾವು ಯಾರನ್ನು, ಯಾಕೆ ಬೆಂಬಲಿಸುತ್ತೇವೆಂದು ಶಾಸಕರು, ಸಂಸದರು ಮತದಾನಕ್ಕೆ ಮೊದಲೇ ಜನರ ಮುಂದೆ ಬಂದು ಹೇಳುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ದ್ರೌಪದಿ ಮುರ್ಮು ಅವರ ಅವಧಿ 2027ರ ಜುಲೈ 24ಕ್ಕೆ ಮುಗಿಯುತ್ತದೆ. ಅದಕ್ಕೆ ಮೊದಲು ವಿಧಾನಸೌಧದಲ್ಲಿ ಮತ್ತೆ ಗುಲಾಬಿ ಮತಪತ್ರಗಳು ಬಿಚ್ಚಿಕೊಳ್ಳುತ್ತವೆ. ಹೆಬ್ಬೂರಿನ ಮತದಾರರ ಹೆಸರಿನಲ್ಲಿ ಅಲ್ಲಿ ಬೀಳುವ 131 ಯಾರಿಗೆ, ಯಾಕೆ ಎಂದು ಊರಿಗೆ ಬಂದ ಶಾಸಕರನ್ನು ನಿಲ್ಲಿಸಿ ಕೇಳುವ ಹಕ್ಕು ಆ ಮತದಾರರಿಗಿದೆ. ಅದನ್ನು ಅವರು ಕೇಳಬೇಕು.